ಮಾವನ ಮುಗಿಯದ ತಕರಾರು

ಎಪ್ಪತ್ತರ ದಶಕದ ನಡುವೆ, ಒಂದು ಭಾನುವಾರ ಬೆಳಿಗ್ಗೆ, ಇಂಡಿಯಲ್ಲಿ ನಮ್ಮ ನೌಕರರ ಸಂಘದ ಕೋಣೆಯ ಬಾಗಿಲ ಎಡಗಡೆ, ನೀರಿನ ಗಡಿಗೆಯ ಪಕ್ಕ ನಾನು ನಿಂತಿದ್ದೆ. ಆದ್ದರಿಂದ ಧೈರ್ಯವಾಗಿ ಹೇಳಬಲ್ಲೆ: ಗೆದ್ದ ಜಗಳವನ್ನೂ ಬಿಡಲೊಲ್ಲದ ಮನುಷ್ಯ ಭೂಮಿಯ ಮೇಲೆ ನನ್ನ ಸೋದರಮಾವ ಒಬ್ಬರೇ!

ಮುದ್ದೇಬಿಹಾಳದಿಂದ ಇಂಡಿಗೆ ವರ್ಗವಾಗಿ ಬರುವಾಗ ಅವರ ಒಂದು ಇನ್‌ಕ್ರಿಮೆಂಟ್ ದಾರಿಯಲ್ಲೇ ಎಲ್ಲೋ ಬಸ್ಸಿಳಿದು ಹೋಗಿತ್ತು. ಸಂಘ ಅವರ ತಕರಾರನ್ನು ಎತ್ತಿಕೊಂಡಿತು. ಪ್ರತಿ ಸಭೆಗೆ ಮೊದಲು, ಶನಿವಾರ ಸಂಜೆ, ತಕರಾರಿನವರ ಮನೆಯಲ್ಲಿ ಸೇರಿ ಮಾತು ಜೋಡಿಸಿಕೊಳ್ಳುವುದು ನಮ್ಮ ಪದ್ಧತಿ. ಅತ್ತೆ ತೀರಿಹೋದ ಮೇಲೆ ಮಾವನ ಮನೆಯಲ್ಲಿ ಮನುಷ್ಯರ ದನಿ ಕೇಳಿಸುತ್ತಿದ್ದದ್ದು ಆ ಸಂಜೆಗಳಲ್ಲಷ್ಟೇ. ಮಾವ ತಾವೇ ರೊಟ್ಟಿ ಬಡಿಯುತ್ತಿದ್ದರು. ಅಬ್ಬಾ, ಆ ರೊಟ್ಟಿಗಳು! ತಿಂದ ಕಾರ್ಯದರ್ಶಿ ಮರುದಿನ ಸಭೆಯಲ್ಲಿ ದವಡೆ ಹಿಡಿದುಕೊಂಡು ಮೌನವಾಗಿ ಕೂತದ್ದೂ ಉಂಟು.

ಇನ್‌ಕ್ರಿಮೆಂಟ್ ಬಂತು. "ಇಷ್ಟು ಲಗೂ ಕೊಟ್ಟಾರಂದ್ರ ಒಳಗ ಏನೋ ಮಸಲತ್ತು ಐತಿ!" ಎಂದರು ಮಾವ.

ಹಿಂಬಾಕಿಯೂ ಬಂತು. "ಕೊಟ್ರು, ಖರೆ. ತಡಾ ಯಾಕ ಆತಂತ ಒಬ್ಬರರ ಕೇಳಿದ್ರೇನು?"

"ಗೌಡ್ರ, ನಿಮಗ ಪಗಾರ ಬೇಕೋ, ಜಗಳ ಬೇಕೋ?" ಎಂದು ಕಾರ್ಯದರ್ಶಿ ರೇಗಿದರು.

"ಎರಡೂ ಇರ್ಲಿ ಬಿಡ್ರಿ. ಶನಿವಾರ ರೊಟ್ಟಿಗೆ ಝುಣಕ ಮಾಡ್ತೇನಿ."

ಇದಕ್ಕೆ ಏನು ಹೇಳುತ್ತೀರಿ? ಆದರೆ ಸಂಘಕ್ಕೊಂದು ನಿಯಮವಿತ್ತು. ತಕರಾರಿನವರು ಸಮಾಧಾನವಾಯಿತೆಂದು ಸಹಿ ಹಾಕದೆ ಮುಂದಿನವರದನ್ನು ಎತ್ತಿಕೊಳ್ಳುವಂತಿರಲಿಲ್ಲ. ಮುಂದಿನ ಪಾಳಿ ತಾಂಬಾದ ಜವಾನ ಶರಣಪ್ಪನದು. ಅವನಿಗೆ ಪಗಾರವೇ ನಿಂತುಹೋಗಿತ್ತು.

ಆ ಭಾನುವಾರ ಅವನೇ ಒಳಗೆ ಬಂದ. "ಗೌಡ್ರ, ನಿಮ್ಮದು ಮುಗೀತೇನ್ರಿ? ಅಂಗಡ್ಯಾವ ಜ್ವಾಳಾ ಕೊಡವಲ್ಲ."

ಮಾವ ಅವನನ್ನೇ ನೋಡಿದರು. "ಮೊದಲ ಹೇಳಾಕ ಏನಾಗಿತ್ತೋ ನಿನಗ?"

"ನೀವು ಹಿರ್ಯಾರು. ಹೆಂಗ ಕೇಳ್ಲಿ?"

ಮಾವ ಪೆನ್ನು ತೆಗೆದು ಸಹಿ ಹಾಕಿದರು. "ಹಂಗಾರ ಈ ಶನಿವಾರ ಶರಣಪ್ಪನ ಮನ್ಯಾಗ," ಎಂದರು ಕಾರ್ಯದರ್ಶಿ. ಎಲ್ಲರೂ ಶರಣಪ್ಪನನ್ನು ಸುತ್ತುವರಿದರು. ಮಾವ ಹೊಸ್ತಿಲಾಚೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. ಅವು ಅವರ ಕಾಲಲ್ಲೇ ಇದ್ದವು. ಗಡಿಗೆಯ ಪಕ್ಕದಿಂದ ನಾನು ಕಂಡೆ.

ಶರಣಪ್ಪ ಗುಂಪು ಬಿಟ್ಟು ಹೊರಗೆ ಬಂದ. "ಕಾಲಾಗ ಅದಾವ್ರಿ, ಗೌಡ್ರ. ಶನಿವಾರ ನೀವೂ ಬರ್ರಿ."

ಮಾವ ಅವನ ಹೆಗಲ ಮೇಲೆ ಕೈ ಇಟ್ಟರು. ಆ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಮಾವ ಈಗಿಲ್ಲ, ಕಾರ್ಯದರ್ಶಿಯೂ ಇಲ್ಲ. ಅದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ತಾಂಬಾದ ಶರಣಪ್ಪ ಇನ್ನೂ ಇದ್ದಾನೆ.