ಗಾರ್ತ್ ಹೇಳದೆ ಉಳಿಸಿಕೊಂಡ ಮಾತು

ಹನ್ನೊಂದು ವರ್ಷ ನಡೆಸಿದ ಐಸ್ ಹಾಕಿ ಅಂಗಳದ ಮ್ಯಾನೇಜರ್ ಕೆಲಸವನ್ನು ಗಾರ್ತ್ ಫ್ರೀಸನ್ ಬಹಳ ಅಚ್ಚುಕಟ್ಟಾಗಿ ಬಿಟ್ಟುಕೊಟ್ಟ. ಅದೇ ಅವನಿಗೆ ಮುಳುವಾಯಿತು. ಬೀಗದ ಕೈಗಳಿಗೆಲ್ಲ ಚೀಟಿ ಕಟ್ಟಿದ. ಯಾವ ಕೊಳಾಯಿ ಜನವರಿಯಲ್ಲಿ ಹೆಪ್ಪುಗಟ್ಟುತ್ತದೆ, ಯಾವ ಹುಡುಗನ ಅಪ್ಪ ಜಗಳಗಂಟ, ಎಲ್ಲ ಬರೆದಿಟ್ಟ. ಶುಕ್ರವಾರದ ಹೊತ್ತಿಗೆ ಜನ ಅವನನ್ನು ದಾಟಿಕೊಂಡು ಹೊಸ ಮ್ಯಾನೇಜರ್ ಡೋರೀನ್ ಬಳಿ ಹೋಗತೊಡಗಿದರು.

ಕ್ಯಾಂಟೀನಿನ ಮರ್ಟಲ್ ಬೇರೆ ಗಾಯಕ್ಕೆ ಉಪ್ಪು ಸವರಿದಳು. "ಬಂದು ಮೂರು ದಿನ ಆಗಿಲ್ಲ, ಎಷ್ಟು ಚುರುಕು ನೋಡು! ನೀನು ಇದ್ದೆ ಅನ್ನೋದೇ ಮರ್ತೋಗುತ್ತೆ ಮಾರಾಯ."

ಗಾರ್ತ್‌ಗೆ ಸಂಕಟವಾಯಿತು. ಹನ್ನೊಂದು ವರ್ಷದ ಮನುಷ್ಯ ಮೂರು ದಿನದಲ್ಲಿ ಅಳಿಸಿಹೋಗುವುದೇ?

"ಇನ್ನೇನಾದ್ರೂ ಹೇಳೋದು ಬಾಕಿ ಇದ್ಯಾ?" ಡೋರೀನ್ ಕೇಳಿದಳು.

ಇತ್ತು. ಐಸ್ ನಯಮಾಡುವ ಗಾಡಿ ಹಟ ಹಿಡಿದರೆ ಸೀಟಿನಡಿಯ ವೈರನ್ನು ಎರಡು ಸಲ ಅಲ್ಲಾಡಿಸಬೇಕು.

"ಏನಿಲ್ಲ. ಬೇಕಾದ್ರೆ ಫೋನ್ ಮಾಡಿ," ಎಂದ. ಒಂದೇ ಒಂದು ಸಲ ಮಾಡಲಿ, ಅಷ್ಟೇ ಅವನ ಆಸೆ.

ಸೋಮವಾರ ಅರವತ್ತು ಕಿಲೋಮೀಟರ್ ಆಚೆಯ ಪಟ್ಟಣದ ಅಂಗಳದಲ್ಲಿ ಹೊಸ ಕೆಲಸಕ್ಕೆ ಸೇರಿದ. ಸಂಜೆ ಮಕ್ಕಳ ಪಂದ್ಯ. ಸ್ಕೇಟು ಕಟ್ಟಿಕೊಂಡ ಮಕ್ಕಳು ಕಾಯುತ್ತಿದ್ದರು, ಅಪ್ಪ ಅಮ್ಮಂದಿರು ಕಾಫಿ ಹಿಡಿದು ಗೊಣಗುತ್ತಿದ್ದರು. ಅಲ್ಲಿಯ ಗಾಡಿ ಜಪ್ಪಯ್ಯ ಅಂದರೂ ಹೊರಡಲಿಲ್ಲ. ಗಾರ್ತ್ ವೈರ್ ಅಲ್ಲಾಡಿಸಿದ, ಒದ್ದ, ಕೊನೆಗೆ ಬೇಡಿಕೊಂಡ.

"ಹಳೇ ಮ್ಯಾನೇಜರ್ ಮೇಡಂ ಹೋದಾಗಿಂದ ಹೀಗೇ ಸಾರ್," ಎಂದ ಅಲ್ಲಿಯ ಕೆಲಸಗಾರ, ಮುದುಕ ವೆಂಡೆಲ್. "ಅವರ ಕೈಯಲ್ಲಿ ಏನೋ ಗುಟ್ಟಿತ್ತು. ಹೇಳದೇ ಹೋದ್ರು."

"ಎಂಥಾ ಸಣ್ಣ ಬುದ್ಧಿ! ಹೇಳಿದ್ರೆ ಅವಳ ಗಂಟೇನು ಹೋಗ್ತಿತ್ತು?" ಗಾರ್ತ್ ಕೂಗಾಡಿದ.

ಆಗಲೇ ಫೋನ್ ಬಂತು. ಡೋರೀನ್! ಗಾರ್ತ್ ಎಲ್ಲ ಮರೆತು ಹಿಗ್ಗಿದ. ವೆಂಡೆಲ್‌ಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ಗಾರ್ತ್, ಗಾಡಿ ಸ್ಟಾರ್ಟೇ ಆಗ್ತಿಲ್ಲ. ಮಕ್ಕಳು ಕಾಯ್ತಿದ್ದಾರೆ."

"ಅಯ್ಯೋ," ಎಂದ ವೆಂಡೆಲ್, "ಇದು ನಮ್ಮ ಮೇಡಂ ದನಿ!"

ಆಡಿದ ಬೈಗುಳವೆಲ್ಲ ಗಾರ್ತ್‌ನ ಕೆನ್ನೆಗೇ ಬಡಿಯಿತು. ಮೂರು ದಿನ ಜೊತೆಗಿದ್ದವಳನ್ನು ಎಲ್ಲಿಂದ ಬಂದೆ ಎಂದೂ ಅವನು ಕೇಳಿರಲಿಲ್ಲ. ತನ್ನನ್ನು ಯಾರೂ ಕೇಳುತ್ತಿಲ್ಲವೆಂದು ಕೊರಗುವುದರಲ್ಲೇ ಮುಳುಗಿದ್ದ. ನಾಚಿಕೆಯಿಂದ ವೈರಿನ ವಿಷಯ ಹೇಳಿಬಿಟ್ಟ. ಆ ಕಡೆ ಗಾಡಿ ಗುಡುಗಿತು, ಮಕ್ಕಳು ಕೇಕೆ ಹಾಕಿದರು.

"ನಾನೀಗ ನಿಮ್ಮ ಹಳೇ ಅಂಗಳದಲ್ಲೇ ಇದ್ದೀನಿ," ಗಾರ್ತ್ ತಗ್ಗಿದ ದನಿಯಲ್ಲಿ ಕೇಳಿದ. "ಇಲ್ಲಿನ ಗಾಡಿಯ ಗುಟ್ಟೂ ಹೇಳಿಬಿಡಿ."



"ಗುಟ್ಟೇನಿಲ್ಲ ಗಾರ್ತ್. ಅದು ಪೂರ್ತಿ ಕೆಟ್ಟುಹೋಗಿದೆ. ಅದಕ್ಕೇ ನಾನು ಕೆಲಸ ಬಿಟ್ಟಿದ್ದು."