ಮುಟ್ಟಿದರೆ ಕಪ್ಪಾಗುವ ರಂಗಪ್ಪ

ನನ್ನ ಕೈಗಳ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬವಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ಕಂಠದ ಬಗ್ಗೆ, ಕೆಲವರಿಗೆ ತಾವು ಮಾಡುವ ಸಾರಿನ ಬಗ್ಗೆ ಇರುತ್ತದಲ್ಲ, ಹಾಗೆ. ನಾನು ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಫಿಸಿಯೋಥೆರಪಿ ಮಾಡುವವಳು. ಹಿಡಿದುಕೊಂಡ ಸೊಂಟ, ಮೇಲೇಳದ ತೋಳು, ಮಡಚಲು ಒಲ್ಲದ ಮಂಡಿ ಇವುಗಳ ಜೊತೆ ಗುದ್ದಾಡುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಹತ್ತಿರದ ಸುಳ್ಳ ಎಂಬ ಊರಿನಿಂದ ಮಂಡಿ ತೋರಿಸಲು ಬರುವ ಗೌಡರೊಬ್ಬರು, "ನಿಮ್ಮ ಕೈಯಾಗ ಏನೋ ಐತ್ರಿ ಅಕ್ಕಾರ, ಬರೇ ಮುಟ್ಟಿದ್ರ ಅರ್ಧಾ ನೋವು ಹೋಗತೈತಿ" ಎಂದಿದ್ದರು. ಆ ಮಾತನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಮೂರು ಸಲವಾದರೂ ಹೇಳಿದ್ದೇನೆ. ಮುಟ್ಟುವುದು ನನಗೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಮದುವೆಯಲ್ಲಿ ಅಕ್ಷತೆ ಹಾಕಲು ಯಾರಾದರೂ ತೋಳೆತ್ತಿ ಮುಖ ಕಿವುಚಿದರೆ ಸಾಕು, ಅಲ್ಲೇ ಅವರ ಭುಜ ಹಿಡಿದು ತಿರುಗಿಸಿ ನೋಡುತ್ತೇನೆ. ಒಮ್ಮೆ ಹಾಗೆ ತಿರುಗಿಸಿದ್ದು ವರನ ಸೋದರಮಾವನ ಭುಜವನ್ನು. ಪರಿಚಯವಾದದ್ದು ಆಮೇಲೆ.

ಇಂಥ ನನ್ನ ಮನೆಗೆ ತಮ್ಮ ವಿನಾಯಕ ಒಂದು ಊಸರವಳ್ಳಿಯನ್ನು ತಂದಿಟ್ಟ. ನಮ್ಮ ಬೇಲಿಯ ಮೇಲೆ ಕೂರುವ ಗೋಸುಂಬೆಯಲ್ಲ. ಅದನ್ನು ಹಿಡಿದು ಸಾಕಿದರೆ ಅರಣ್ಯ ಇಲಾಖೆಯವರು ನಮ್ಮನ್ನು ಹಿಡಿದು ಸಾಕುತ್ತಾರೆ. ಇದು ಬೇರೆ ದೇಶದ ಜಾತಿ, ಸಾಕುವವರ ಮನೆಯಲ್ಲೇ ಹುಟ್ಟಿದ್ದು, ಇದಕ್ಕೆ ನಮ್ಮ ಸೈಟಿಗಿಂತ ಚೊಕ್ಕ ಕಾಗದಪತ್ರಗಳಿದ್ದವು. ತಲೆಯ ಮೇಲೆ ಪೇಟದಂಥ ಜುಟ್ಟು, ಮೈಮೇಲೆ ಹಸಿರು ಹಳದಿ ಪಟ್ಟೆ. ಹೆಸರು ರಂಗಪ್ಪ. ಬೀಜದ ಕಂಪನಿಯ ಕೆಲಸದ ಮೇಲೆ ವಿನಾಯಕ ನಾಲ್ಕು ತಿಂಗಳು ರಾಯಚೂರಿನ ಕಡೆ ಇರಬೇಕಾಗಿತ್ತು. ಜಾಲರಿಯ ಪಂಜರ, ಅದರೊಳಗೆ ದಾಸವಾಳದ ಗಿಡ, ಬಿಸಿಲಿನ ಬದಲಿಗೆ ಒಂದು ದೀಪ, ಒಂದು ಡಬ್ಬಿಯ ತುಂಬ ಜೀವಂತ ಜೀರುಂಡೆ, ಎಲ್ಲವನ್ನೂ ಹಾಲಿನ ಕಿಟಕಿಯ ಬಳಿ ಜೋಡಿಸಿ ಹೇಳಿದ: "ಅಕ್ಕಾ, ಎಲಿ ಮ್ಯಾಲೆ ನೀರು ಸಿಂಪಡಿಸು, ಹನಿ ನೆಕ್ಕತಾನ. ಜೀರುಂಡಿ ಹಾಕು. ಇಷ್ಟ ನೋಡು. ಅವಂಗ ಮುಟ್ಟಿದ್ರ ಆಗಿ ಬರೂದಿಲ್ಲ, ಮುಟ್ಟಬ್ಯಾಡ."

"ನಿನಗ ಮುಟ್ಟಾಕ ಬರೂದಿಲ್ಲ, ಅದಕ್ಕ" ಎಂದೆ ನಾನು. ಅವನು ಹೋದ ಅರ್ಧ ತಾಸಿಗೆ ಪಂಜರದ ಬಾಗಿಲು ತೆರೆದೆ.

ಮೇಲಿನಿಂದ ಕೈ ಹಾಕಿದೆ. ರಂಗಪ್ಪ ಮೊದಲು ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿದ. ಇನ್ನೊಂದು ಕಣ್ಣು ಓಡಿಹೋಗುವ ದಾರಿ ಹುಡುಕುತ್ತಿತ್ತು. ಆಮೇಲೆ ಮೈಯನ್ನು ಹಲಗೆಯಂತೆ ಚಪ್ಪಟೆ ಮಾಡಿ, ಗಂಟಲುಬ್ಬಿಸಿ, ಬಾಯಿ ತೆರೆದು ಕುಕ್ಕರಿನ ಹಾಗೆ ಬುಸ್ಸೆಂದ. ಹಸಿರೆಲ್ಲ ಇಂಗಿ ಮೈ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮೊದಲ ದಿನ ಎಲ್ಲ ರೋಗಿಗಳೂ ಹೀಗೇ ಅಂತ ನನಗೆ ನಾನೇ ಹೇಳಿಕೊಂಡು ದಿನಕ್ಕೆ ಹತ್ತು ನಿಮಿಷದ ಅಭ್ಯಾಸ ಶುರು ಮಾಡಿದೆ. ಹಿಡಿಯುವುದು, ಅಂಗೈ ಮೇಲೆ ಕೂರಿಸುವುದು, ಬೆನ್ನು ಸವರುವುದು. ಮೂರನೆಯ ದಿನ ಹೆಬ್ಬೆರಳು ಕಚ್ಚಿದ. ಐದನೆಯ ದಿನದಿಂದ ನನ್ನ ನೆರಳು ಕಂಡರೇ ಕಪ್ಪಾಗತೊಡಗಿದ. ಎಂಟನೆಯ ದಿನ ಜೀರುಂಡೆ ತಿನ್ನುವುದನ್ನು ಬಿಟ್ಟ. ಇನ್ನೆರಡು ದಿನಕ್ಕೆ ಕಣ್ಣು ಗುಳಿ ಬಿದ್ದವು. ಆಗ ನನ್ನ ಜಂಬವೂ ಗುಳಿ ಬಿತ್ತು. ತಮ್ಮನಿಗೆ ಫೋನ್ ಮಾಡುವ ಧೈರ್ಯವಾಗದೆ, ಪಂಜರವನ್ನು ಕಾರಿನಲ್ಲಿಟ್ಟುಕೊಂಡು ಧಾರವಾಡದ ಒಬ್ಬ ಪ್ರಾಣಿವೈದ್ಯೆಯ ಬಳಿ ಓಡಿದೆ.

ಆಕೆ ಸಣ್ಣ ವಯಸ್ಸಿನ ಹುಡುಗಿ. ರಂಗಪ್ಪನನ್ನು ಮುಟ್ಟಲೇ ಇಲ್ಲ. ಪಂಜರದ ಸುತ್ತ ಬಗ್ಗಿ ಬಗ್ಗಿ ನೋಡಿ, "ದಿನಕ್ಕ ಎಷ್ಟು ಸಲ ಹಿಡೀತೀರಿ ಮೇಡಮ್?" ಎಂದು ಕೇಳಿದಳು.

"ಒಂದ ಸಲರಿ" ಎಂದೆ. ಆಕೆಯ ಕಣ್ಣು ನನ್ನ ಹೆಬ್ಬೆರಳ ಮೇಲಿನ ಕಚ್ಚಿದ ಗುರುತಿಗೆ ಹೋಯಿತು. "ಒಮ್ಮೊಮ್ಮೆ ನಾಕು" ಎಂದೆ.

"ರೋಗ ಏನೂ ಇಲ್ಲರಿ. ಅಂಜ್ಯಾನ. ಮ್ಯಾಲಿಂದ ಬರೂದೆಲ್ಲಾ ಅವಂಗ ಹದ್ದು ಇದ್ದಂಗ. ಒಂದು ವಾರ ಕೈ ಹಚ್ಚಬ್ಯಾಡ್ರಿ. ಆದರೂ ತಿನ್ನಲಿಲ್ಲ ಅಂದ್ರ ಹಿಡದು, ಬಾಯಿ ಬಿಡಿಸಿ ಹಾಕಬೇಕಾಗತದ. ಇಷ್ಟು ಅಂಜಿದ್ದು ಅದನ್ನ ತಡಕೋತದೋ ಇಲ್ಲೋ ಹೇಳಾಕ ಆಗೂದಿಲ್ಲರಿ."

ಹುಬ್ಬಳ್ಳಿಗೆ ಮರಳುವವರೆಗೂ ನನ್ನ ಕಣ್ಣು ಒದ್ದೆಯಾಗಿಯೇ ಇದ್ದವು. ನೋವು ಕಳೆಯುತ್ತದೆಂದು ನಾನು ನಂಬಿದ್ದ ಕೈ ಒಂದು ಜೀವದ ಪಾಲಿಗೆ ಹದ್ದಾಗಿತ್ತು.

ಮನೆಯಲ್ಲಿ ಎಲ್ಲ ಕೇಳಿದ ಅತ್ತೆ, "ಇನ್ನ ಅವನ ಹೊಣಿ ನಂದು. ನೀ ಅಡಗಿಮನ್ಯಾಗ ಇರು" ಎಂದರು. ನನ್ನ ಅತ್ತೆಯ ಬಗ್ಗೆ ಇಲ್ಲಿ ಹೇಳಲೇಬೇಕು. ಅವರ ಅಕ್ಕ ಹಾಡುತ್ತಿದ್ದರು, ಅತ್ತೆ ಹಿಂದೆ ಕೂತು ತಂಬೂರಿ ನುಡಿಸುತ್ತಿದ್ದರು. ಮೂವತ್ತು ವರ್ಷ ಅದೇ ಕೆಲಸ. ಚಪ್ಪಾಳೆಯೆಲ್ಲ ಅಕ್ಕನಿಗೆ. ಇವರ ಕಡೆ ಯಾರ ಕಣ್ಣೂ ಹೋಗುತ್ತಿರಲಿಲ್ಲ, ಇವರು ಅದನ್ನು ಬಯಸಿದವರೂ ಅಲ್ಲ. ಮೂರು ತಾಸು ಅಲುಗಾಡದೆ ಕೂತು, ನಾಲ್ಕು ತಂತಿಯ ಮೇಲೆ ಬೆರಳಾಡಿಸುತ್ತ, ಮುಂದೆ ಕೂತ ಅಕ್ಕನಿಗೆ ತಾನಿದ್ದೇನೆ ಅನ್ನುವುದನ್ನಷ್ಟೇ ತಿಳಿಸುತ್ತಿದ್ದರು. ಇದೊಂದು ವಿದ್ಯೆ ಎಂದು ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಹೊಳೆದಿರಲಿಲ್ಲ.

ಅತ್ತೆ ಪಂಜರದ ಬಳಿ ಕುರ್ಚಿ ಹಾಕಿಕೊಂಡರು. ಬಾಗಿಲು ತೆರೆದಿಟ್ಟರು. ಮೆಂತ್ಯಸೊಪ್ಪು ಬಿಡಿಸಿದರು, ಅವರೆಕಾಯಿ ಸುಲಿದರು, ಹೂಬತ್ತಿ ಹೊಸೆದರು. ರಂಗಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಎಲೆಗೆ ನೀರು ಸಿಂಪಡಿಸುವಾಗ ಮಾತ್ರ, "ನೀರು ಬಂತ್ರಿ ರಂಗಪ್ಪನವರ" ಎಂದು ಮೆಲ್ಲಗೆ ಹೇಳುತ್ತಿದ್ದರು. ನಾನು ಬಾಗಿಲ ಮರೆಯಿಂದ ಇಣುಕುತ್ತಿದ್ದೆ. ನಾಲ್ಕನೆಯ ದಿನ ಅವನು ಹನಿ ನೆಕ್ಕಿದ. ಐದನೆಯ ದಿನ ಅತ್ತೆ ಅಂಗೈ ಮೇಲೆ ಮಾಡಿ ಕೊಂಬೆಯ ಕೆಳಗಿಟ್ಟರು, ಬೆರಳ ಸಂದಿಯಲ್ಲಿ ಒಂದು ಜೀರುಂಡೆ. ಒಂದು ತಾಸು ಹಾಗೇ ಹಿಡಿದರು. ಅವನು ತಿನ್ನಲಿಲ್ಲ. ಅತ್ತೆಗೆ ಬೇಸರವೂ ಆಗಲಿಲ್ಲ. ಆರನೆಯ ದಿನ ಅದೇ ಹೊತ್ತಿಗೆ, ಅದೇ ಕೈ. ರಂಗಪ್ಪನ ಎರಡೂ ಕಣ್ಣು ಒಂದೇ ಕಡೆ ಕೂಡಿದವು. ಮೈ ತುಸು ಮುಂದೆ ಬಂತು. ಮರುಕ್ಷಣ ಅವನ ಮೈಯಷ್ಟೇ ಉದ್ದದ ನಾಲಿಗೆ ಚಿಮ್ಮಿ ಒಳಗೆ ಹೋಯಿತು, ಜೀರುಂಡೆ ಬಾಯೊಳಗೆ ಕುರುಕುರು ಅನ್ನುತ್ತಿತ್ತು. ಅಡುಗೆಮನೆಯಲ್ಲಿ ನಾನು ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ.

ಇಷ್ಟಾದ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿತು. "ಅತ್ತೀ, ನನಗೂ ಕಲಿಸ್ರಿ" ಎಂದೆ.

"ಕಲಿಸೂದೇನದ? ಕೈ ಇಡು, ಮತ್ತ ಮರತ ಬಿಡು."

ಇಡುವುದು ಸುಲಭ, ಮರೆಯುವುದಿದೆಯಲ್ಲ! ಕೈ ಇಟ್ಟ ಎರಡೇ ನಿಮಿಷಕ್ಕೆ ನನ್ನ ಬೆರಳು ತಾವಾಗಿಯೇ ಏನನ್ನೋ ಒತ್ತಲು ಹೊರಡುತ್ತಿದ್ದವು. ಅತ್ತೆ "ಹೂಂ" ಎಂದು ಎಚ್ಚರಿಸುತ್ತಿದ್ದರು. ದಿನಾ ಸಂಜೆ ನಾನು ಕ್ಲಿನಿಕ್ಕಿಗೆ ಹೊರಡುವ ಮುಂಚೆ ಅರ್ಧ ತಾಸು ಈ ಶಿಕ್ಷೆ. ಅವನನ್ನು ಸುಮ್ಮನೆ ನೋಡುತ್ತ ಕೂತಾಗ ತಿಳಿದದ್ದು ಒಂದೇ. ಮಾತು ಬದಲಿಸುವ ಮನುಷ್ಯನಿಗೆ ಗೋಸುಂಬೆ ಅನ್ನುತ್ತೇವಲ್ಲ, ಅದು ಭಾರೀ ಅನ್ಯಾಯ. ಇಷ್ಟು ಮುಚ್ಚುಮರೆಯಿಲ್ಲದ ಜೀವವನ್ನು ನಾನು ಕಂಡಿಲ್ಲ. ಸಿಟ್ಟು ಬಂದರೆ ಮೈತುಂಬ ಬರೆದು ತೋರಿಸುತ್ತಾನೆ, ನೆಮ್ಮದಿಯಾದರೆ ಅದನ್ನೂ. ಬೇಡ ಅನ್ನುವುದನ್ನು ಅವನು ಮೊದಲ ದಿನವೇ ಅಚ್ಚ ಕಪ್ಪಿನಲ್ಲಿ ಹೇಳಿದ್ದ. ಓದಲು ಬಾರದವಳು ನಾನು.

ಎರಡು ತಿಂಗಳ ಮೇಲೆ ಒಂದು ರವಿವಾರ ಮಧ್ಯಾಹ್ನ, ಅವನು ಮುಂಗಾಲೊಂದನ್ನು ಎತ್ತಿ, ಗಾಳಿಯಲ್ಲಿ ಹಿಂದೆ ಮುಂದೆ ತೂಗಿ, ನನ್ನ ಕಿರುಬೆರಳ ಮೇಲೆ ಇಟ್ಟ. ಬಟ್ಟೆಯ ಕ್ಲಿಪ್ಪು ಹಾಕಿದಂತೆ ಸಣ್ಣ ಬಿಗಿ. ಆಮೇಲೆ ಇನ್ನೊಂದು ಕಾಲು. ಫೋನ್ ಬಡಿದುಕೊಂಡಿತು, ಎತ್ತಲಿಲ್ಲ. ಮೂಗು ತುರಿಸಿತು, ಮುಟ್ಟಲಿಲ್ಲ. ನಲವತ್ತು ನಿಮಿಷ ಅವನು ನನ್ನ ಮಣಿಕಟ್ಟಿನ ಮೇಲೆ ಹಸಿರಾಗಿಯೇ ಕೂತಿದ್ದ. ಇಳಿದು ಹೋದ ಮೇಲೆ ನೋಡಿದರೆ ನನ್ನ ಭುಜ ಹಿಡಿದುಕೊಂಡಿತ್ತು. ಅದನ್ನು ಬಿಡಿಸಲು ನನಗೆ ನಾನೇ ರೋಗಿಯಾದೆ.

ನಾಲ್ಕು ತಿಂಗಳು ಮುಗಿದು ವಿನಾಯಕ ಬಂದ. ಬಂದವನೇ ಚಪ್ಪಲಿ ಬಿಟ್ಟು, ತಾನೇ ಹೇಳಿದ್ದನ್ನು ಮರೆತು, ಪಂಜರಕ್ಕೆ ಮೇಲಿನಿಂದ ಕೈ ಹಾಕಿದ. ರಂಗಪ್ಪ ಕಪ್ಪಾದ. "ಮ್ಯಾಲಿಂದ ಹಿಡೀಬ್ಯಾಡೋ!" ಎಂದು ಅತ್ತೆ, ನಾನು ಒಟ್ಟಿಗೇ ಚೀರಿದೆವು.

"ನಂದ ಅಲ್ಲೇನ ಅಕ್ಕಾ ಅದು?" ಎಂದ ಪಾಪ, ಕೈ ಹಿಂದೆ ತೆಗೆದುಕೊಂಡು.

"ಸುಮ್ಮ ಕೂಡು, ನೋಡು" ಎಂದು ನಾನು ಬೀಗುತ್ತ ತೋಳನ್ನು ಕೊಂಬೆಯ ಕೆಳಗೆ ಚಾಚಿದೆ. ಅತ್ತೆ ನನ್ನ ಪಕ್ಕದಲ್ಲೇ ಕೂತು ಹೀರೇಕಾಯಿ ಹೆರೆಯುತ್ತಿದ್ದರು. ಇಪ್ಪತ್ತು ನಿಮಿಷ ಕಳೆಯಿತು. ಕಪ್ಪು ಕರಗಿ ಹಸಿರು ಬಂತು. ರಂಗಪ್ಪ ಬೆರಳ ಮೇಲೆ ಕಾಲಿಟ್ಟ, ಅಂಗೈಗೆ ಬಂದ, ಮೊಣಕೈ ದಾಟಿದ. ವಿನಾಯಕ ಬಾಯಿ ತೆರೆದು ನೋಡುತ್ತಿದ್ದ. ನಾನು ಉಸಿರು ಬಿಗಿಹಿಡಿದಿದ್ದೆ. ರಂಗಪ್ಪ ಭುಜಕ್ಕೆ ಬಂದು ಒಂದು ಗಳಿಗೆ ನಿಂತ, ಒಂದು ಕಣ್ಣಿನಿಂದ ನನ್ನ ಮುಖ ನೋಡಿದ. ಆಮೇಲೆ ಅತ್ತೆಯ ತೋಳಿಗೆ ಕಾಲು ಚಾಚಿ, ಅಲ್ಲಿಗೆ ದಾಟಿ, ಬಾಲ ಸುತ್ತಿಕೊಂಡು ಆರಾಮಾಗಿ ಕೂತುಬಿಟ್ಟ.

"ನೋಡಿದಿಲ್ಲೋ? ನನ್ನ ಮ್ಯಾಲೆ ಬಂದ" ಎಂದೆ.

"ನಿನ್ನ ಮ್ಯಾಲೆ ಹಾದು ಹೋದ, ಅಕ್ಕಾ" ಎಂದ ವಿನಾಯಕ.

ಅತ್ತೆ ಹೀರೇಕಾಯಿಯಿಂದ ಕಣ್ಣೆತ್ತಲಿಲ್ಲ. ಸಣ್ಣಗೆ ನಕ್ಕದ್ದು ಮಾತ್ರ ಕಂಡಿತು. ನಾನು ಚಾಚಿದ ತೋಳನ್ನು ಇಳಿಸದೆ ಹಾಗೇ ಕೂತಿದ್ದೆ. ಅವನು ಮರಳಿ ಪಂಜರಕ್ಕೆ ಹೋಗಬೇಕಲ್ಲ, ದಾರಿ ಬೇಕು.