ನತ್ತೋ ಬಹಿಷ್ಕಾರ

ನೀವೇ ಹೇಳಿ, ನಾಲಿಗೆಗೂ ಒಂದು ಮನೆತನ ಬೇಡವೇ? ನಾನು ಸಾಕೆ ಎಂಬ ಅಕ್ಕಿಮದ್ಯಕ್ಕೆ ಹೆಸರಾದ ಫುಷಿಮಿಯಲ್ಲಿ ಹುಟ್ಟಿದವನು. ಇಲ್ಲಿನ ಬಾವಿನೀರೇ ಅರ್ಧ ಸಾಕೆ. ನಮ್ಮ ಪೇಟೆಬೀದಿಯ ಸಾಕೆ ತೀರ್ಪುಗಾರರ ಕುರ್ಚಿ ಅಜ್ಜನದು, ಆಮೇಲೆ ಅಪ್ಪನದು. ಈ ವರ್ಷ ಅದು ಖಾಲಿಯಾದಾಗ, ಇನ್ನು ವರ್ಷಕ್ಕೊಮ್ಮೆ ರುಚಿ ಪರೀಕ್ಷೆ ಇಟ್ಟು ಗೆದ್ದವರಿಗೆ ಕೊಡುತ್ತೇವೆ ಎಂದುಬಿಟ್ಟರು! (ನನ್ನ ಕುರ್ಚಿಗೆ ನಾನೇ ಪರೀಕ್ಷೆ ಬರೆಯಬೇಕಂತೆ.)

ಇದ್ದ ಅಡ್ಡಿ ಒಂದೇ, ಹೆಂಡತಿ ಕಿನುಯೋ. ಅವಳ ತವರು ಮಿತೋ. ಅಲ್ಲಿಯವರಿಗೆ ಬೆಳಗಾದರೆ ನತ್ತೋ ಬೇಕು. ಹುದುಗಿಸಿದ ಸೋಯಾ ಕಾಳು; ಲೋಳೆ ಗಲ್ಲದವರೆಗೆ, ನಾತ ಬೀದಿಯ ಕೊನೆಯವರೆಗೆ.

"ಪರೀಕ್ಷೆ ಮುಗಿಯೋವರೆಗೂ ಈ ಮನೇಲಿ ನತ್ತೋ ಬಂದ್!" ಎಂದು ರಾಜಾಜ್ಞೆ ಹೊರಡಿಸಿದೆ. "ಸಾಕೆ ಮಾಡೋರೇ ಅದನ್ನ ಮುಟ್ಟಲ್ಲ, ಗೊತ್ತಾ?"

"ಅವ್ರು ಬಿಡೋದು, ಸಾಕೆಗೆ ಅಂತ ಅನ್ನದ ಮೇಲೆ ಬೆಳೆಸೋ ಬೂಷ್ಟು ಕೆಟ್ಟೋಗುತ್ತೆ ಅಂತ ಕಣ್ರೀ. ನಿಮ್ಮ ನಾಲಿಗೆ ಮೇಲೇನು ಬೂಷ್ಟು ಬೆಳೀತಿದೆಯಾ?"

"ರುಚಿ ಹಾಳಾಗುತ್ತೆ ಕಣೇ!"

"ಮೊನ್ನೆ ಸಾರಿಗೆ ರುಚಿ ಕೊಡೋ ಮಿಸೋ ಹಾಕೋದೇ ಮರ್ತಿದ್ದೆ. 'ಇವತ್ತು ಹದವಾಗಿದೆ' ಅಂದ್ರಿ."

ಪರೀಕ್ಷೆಗೆ ಇನ್ನೂ ಒಂದು ತಿಂಗಳಿತ್ತು; ಮನೆಯಲ್ಲಿದ್ದ ನತ್ತೋವನ್ನೆಲ್ಲ ಆಗಲೇ ಹೊರಗೆ ಸಾಗಿಸಿದೆ.

ಪರೀಕ್ಷೆಯ ದಿನ ಸ್ಪರ್ಧಿಗಳಲ್ಲಿ ಒಬ್ಬರು ಕಡಿಮೆಯಾದರು. ಪರೀಕ್ಷೆ ನಡೆಸುತ್ತಿದ್ದ ಪಕ್ಕದ ಮನೆಯ ತೋಫು-ನತ್ತೋ ಅಂಗಡಿಯ ಒಕುಮುರಾ, ಕುಡಿದ ಮೇಲೆ ನನ್ನನ್ನು ಮನೆಗೆ ಕರೆದೊಯ್ಯಲೆಂದು ಜೊತೆಗೆ ಬಂದಿದ್ದ ಕಿನುಯೋಳನ್ನೇ ಕೂರಿಸಿದ. "ಲೆಕ್ಕಕ್ಕೆ ಒಬ್ರು ಬೇಕು, ಬನ್ನಿ ಅಕ್ಕಾ."

ಮುಂದಿನ ಸಾಲಿನಲ್ಲಿ ಐದು ಬಟ್ಟಲು ಸಾಕೆ, ಹಿಂದಿನ ಸಾಲಿನಲ್ಲಿ ಅದೇ ಐದು ಅದಲುಬದಲಾಗಿ. ರುಚಿ ನೋಡಿ, ಉಗುಳಿ, ಜೋಡಿ ಹೊಂದಿಸಬೇಕು. ಉಗುಳಬೇಕಂತೆ! ಅಜ್ಜನ ವಂಶದವನು ಸಾಕೆ ಉಗುಳುವುದೇ? ಒಂದೊಂದನ್ನೂ ಮೂರು ಮೂರು ಸಲ ಗೌರವಪೂರ್ವಕವಾಗಿ ನುಂಗಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಎಲ್ಲ ಬಟ್ಟಲುಗಳೂ ನನಗೆ ಬೇಕಾದವರಂತೆಯೇ ಕಂಡವು.

ಫಲಿತಾಂಶ: ನನ್ನದು ಐದಕ್ಕೆ ಸೊನ್ನೆ. ಕಿನುಯೋಳದು ಐದಕ್ಕೆ ಐದು. ಅಜ್ಜನ ಕುರ್ಚಿಯಲ್ಲಿ ಮಿತೋ ಹೆಂಗಸು ಕೂತಳು!

"ಗೆದ್ದಿದ್ದು ನೀನಲ್ಲ, ನನ್ನ ಆಜ್ಞೆ!" ಎಂದು ದಾರಿಯುದ್ದಕ್ಕೂ ಕೂಗಾಡಿದೆ. "ಒಂದು ತಿಂಗಳು ನತ್ತೋ ಬಿಟ್ಟಿದ್ದಕ್ಕೇ ನಿನ್ನ ನಾಲಿಗೆ ಚುರುಕಾಯ್ತು!"

"ಬಿಟ್ಟಿದ್ದು ಯಾರು? ದಿನಾ ಬೆಳಿಗ್ಗೆ ಒಕುಮುರಾ ಅವ್ರ ಮನೇಲಿ ತಿಂದು ಬರ್ತಿದ್ದೆ."

ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಅವಳ ಮಾತು ಬೀದಿಗೆಲ್ಲ ಕೇಳಿರಬೇಕು, ಸೋತವರೆಲ್ಲ ಒಕುಮುರಾ ಅಂಗಡಿಯ ಮುಂದೆ ನತ್ತೋಗೆ ಸಾಲುಗಟ್ಟಿದ್ದಾರೆ. ಛೀ, ನಾಚಿಕೆಗೆಟ್ಟವರು ಎಂದು ಬೈಯುತ್ತಾ ಊಟದ ಮೇಜಿಗೆ ಬಂದರೆ, ನನ್ನ ಅನ್ನದ ಮೇಲೂ ಅದೇ ಲೋಳೆ.

"ಏನೇ ಇದು?"

"ತೀರ್ಪುಗಾರರ ಆಜ್ಞೆ. ಮುಂದಿನ ವರ್ಷ ಪರೀಕ್ಷೆಗೆ ಕೂರ್ಬೇಕು ಅಂದ್ರೆ ತಿನ್ನಿ," ಎಂದು ಬಟ್ಟಲನ್ನು ನನ್ನತ್ತ ತಳ್ಳಿದಳು. "ಹಾಂ, ನಿಮಗೆ ಉಗುಳೋದು ಆಗಿಬರಲ್ವಲ್ಲ. ಇದನ್ನೂ ಗೌರವವಾಗಿ ನುಂಗಿ."